ಗಂಟು ನಿಂತ ಜಾಗ

ಲೋಹಿತಾಗೆ ಬಸ್ಸಿನಲ್ಲಿ ಸೀಟು ಸಿಗುವ ಯೋಗ ವಾರಕ್ಕೆ ಎರಡು ಸಲ ಬಂದರೆ ಹೆಚ್ಚು. ಸೋಮವಾರದಿಂದ ಬುಧವಾರದವರೆಗೆ ಮಧುಗಿರಿಯ ಕಾಲೇಜು, ಗುರುವಾರದಿಂದ ಶನಿವಾರದವರೆಗೆ ಶಿರಾದ ಕಾಲೇಜು. ಎರಡು ಕಡೆಯೂ ಅವಳು ಭೂಗೋಳದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ. ಅಷ್ಟು ವರ್ಷ ಒಂದು ಮನೆಯಲ್ಲಿ ಬಿದ್ದುಕೊಂಡವರನ್ನು ಜನ ಮನೆಯಳಿಯ ಅಂತಲಾದರೂ ಕರೆಯುತ್ತಾರೆ, ಸರ್ಕಾರಕ್ಕೆ ಅಷ್ಟು ಮರ್ಯಾದೆಯೂ ಇಲ್ಲ. ವರ್ಷವರ್ಷವೂ ಹೊಸ ಅರ್ಜಿ, ಹೊಸ ಫೋಟೋ. ಫೋಟೋದಲ್ಲಿ ಮಾತ್ರ ಅವಳ ಕೂದಲು ವರ್ಷವರ್ಷವೂ ಹಣ್ಣಾಗುತ್ತಿತ್ತು. ಪರೀಕ್ಷೆ ಬಂದರೆ ಕೊರಟಗೆರೆಗೂ ಪಾವಗಡಕ್ಕೂ ಕೊಠಡಿ ಕಾಯುವ ಕೆಲಸಕ್ಕೆ ಹಾಕುತ್ತಿದ್ದರು. ಹೀಗಾಗಿ ನಾಲ್ಕು ತಾಲೂಕಿನ ಕಂಡಕ್ಟರುಗಳಿಗೂ ಅವಳು ಪರಿಚಿತಳು, ಯಾರೂ ಎದ್ದು ಸೀಟು ಕೊಡದಷ್ಟು ಪರಿಚಿತಳು.

ಎರಡನೇ ವರ್ಷದ ಬಿ.ಎ.ಗೆ ಕೈಗಾರಿಕೆಗಳು ಎಲ್ಲಿ ನೆಲೆ ನಿಲ್ಲುತ್ತವೆ ಎಂಬ ಪಾಠವಿದೆ. ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಪಂಡಿತರೊಬ್ಬರು ಕೂತು ಲೆಕ್ಕ ಹಾಕಿದ್ದು. ಕಚ್ಚಾ ಸಾಮಾನು ಒಂದು ಕಡೆ, ಕೊಳ್ಳುವ ಪೇಟೆ ಇನ್ನೊಂದು ಕಡೆ. ಸಾಗಣೆಯ ಖರ್ಚು ಎಲ್ಲಿ ಅತಿ ಕಡಿಮೆಯೋ ಅಲ್ಲಿ ಕಾರ್ಖಾನೆ ಹಾಕಬೇಕು. ಮಾಡುವಾಗ ತೂಕ ಕಳೆದುಕೊಳ್ಳುವ ಸಾಮಾನಾದರೆ ಅದು ಸಿಗುವ ಕಡೆಗೇ ಕಾರ್ಖಾನೆ ಸರಿಯುತ್ತದೆ, ಸಿಪ್ಪೆಯನ್ನೂ ಕಸವನ್ನೂ ಊರೂರು ಹೊರುವುದು ಯಾರಿಗೆ ಬೇಕು. ಇದನ್ನು ಹೇಳಿದ ಮೇಲೆ ಲೋಹಿತಾ ಸಿದ್ಧಾಂತದ ಗುಣಗಳು ಐದು, ದೋಷಗಳು ಐದು ಅಂತ ಬರೆಸುತ್ತಿದ್ದಳು. ಮೂರನೇ ದೋಷ ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು: 'ಕಾರ್ಮಿಕರು ನಿಗದಿತ ಕೂಲಿಗೆ ಎಷ್ಟು ಬೇಕಾದರೂ ದೊರೆಯುತ್ತಾರೆ ಎಂಬ ಊಹೆ ವಾಸ್ತವಕ್ಕೆ ದೂರವಾದುದು.' ಹದಿನಾಲ್ಕು ವರ್ಷ ಇದನ್ನು ಬರೆಸಿದ್ದಳು. ಬರೆಸುವಾಗ ಅವಳ ತಲೆಯಲ್ಲಿ ಸಾಮಾನ್ಯವಾಗಿ ಐದು ಗಂಟೆಯ ಬಸ್ಸು ಇರುತ್ತಿತ್ತು.

ಆ ವರ್ಷ ಶಿರಾದ ತರಗತಿಯಲ್ಲಿ ಅಂಬ್ರೀನ್ ಎಂಬ ಹುಡುಗಿ ಇದ್ದಳು. ಅವಳ ತಂದೆ ಇಸಾಕ್ ಹುಣಸೆಹಣ್ಣಿನ ವ್ಯಾಪಾರಿ. ಮಗಳು ಪಾಠವನ್ನು ಮನೆಯಲ್ಲಿ ಅಪ್ಪನಿಗೆ ಒಪ್ಪಿಸಿರಬೇಕು, ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಆತ ಸೀದಾ ಸ್ಟಾಫ್ ರೂಮಿಗೆ ಬಂದ. ಐವತ್ತರ ಮೇಲಿನ ವಯಸ್ಸು, ಬೆರಳ ತುದಿಗಳೆಲ್ಲ ಹುಣಸೆಯ ಕಂದು.

"ಮೇಡಂ, ನಮ್ಮ ಹುಡುಗಿ ಹೇಳಿದ್ದು ನಿಜವಾದ್ರೆ ನಾನು ಇಪ್ಪತ್ತೈದು ವರ್ಷದಿಂದ ಕಸ ಹೊರ್ತಾ ಇದ್ದೀನಿ," ಅಂದ. "ಪಾವಗಡದ ಕಡೆ ಮರ ಗುತ್ತಿಗೆ ಹಿಡೀತೀನಿ, ಕೊರಟಗೆರೆ ಕಡೆನೂ ಹಿಡೀತೀನಿ. ಕಾಯಿ ಸಮೇತ ಲಾರಿಗೆ ಹಾಕಿ ಏಳೆಂಟು ಹಳ್ಳೀಲಿ ಮನೆಮನೆಗೆ ಮೂಟೆ ಇಳಿಸ್ತೀನಿ. ಹೆಂಗಸರು ಕುಟ್ಟಿ, ಬಿಡಿಸಿ ಇಟ್ಟಿರ್ತಾರೆ. ಮತ್ತೆ ಅದೇ ಏಳೆಂಟು ಹಳ್ಳಿ ಸುತ್ತಿ ಹಣ್ಣು ಎತ್ತಿ ಶಿರಾಕ್ಕೆ ತರ್ತೀನಿ. ಡೀಸಲ್ ಎಲ್ಲಾ ರಸ್ತೆ ಮೇಲೇ ಹೋಗ್ತದೆ. ಒಂದೇ ಜಾಗದಲ್ಲಿ ಒಂದು ಶೆಡ್ ಹಾಕಿದ್ರೆ? ಎಲ್ಲಿ ಹಾಕ್ಲಿ? ನೀವು ಬರಾಬರ್ ಹೇಳ್ತೀರಂತೆ."

ಹದಿನಾಲ್ಕು ವರ್ಷದಲ್ಲಿ ಅವಳ ಪಾಠವನ್ನು ಯಾರಾದರೂ ಯಾವುದಾದರೂ ಕೆಲಸಕ್ಕೆ ಕೇಳಿಕೊಂಡು ಬಂದದ್ದು ಅದೇ ಮೊದಲು. ಆ ದಿನದ ಮಟ್ಟಿಗೆ ಆಯಾಸ ಎಲ್ಲಿ ಹೋಯಿತೋ ಗೊತ್ತಿಲ್ಲ. "ಹೇಳುವುದೇನು, ತೋರಿಸಿಯೇ ಬಿಡುತ್ತೇನೆ. ನಾಳೆ ನಿಮ್ಮ ಅಂಗಡಿಯ ತೂಕದ ಕಲ್ಲುಗಳನ್ನು ತನ್ನಿ," ಅಂದಳು.

ಶನಿವಾರ ಎರಡು ಬೆಂಚುಗಳ ಮೇಲೆ ಒಂದು ಪ್ಲೈವುಡ್ ಹಲಗೆ ಇಟ್ಟು, ಅದರ ಮೇಲೆ ನಾಲ್ಕು ತಾಲೂಕಿನ ನಕ್ಷೆ ಅಂಟಿಸಿದಳು. ಪಾವಗಡ, ಕೊರಟಗೆರೆ, ಶಿರಾ, ಈ ಮೂರು ಕಡೆ ತೂತು ಕೊರೆಸಿದ್ದಳು. ಮೂರು ದಾರಗಳನ್ನು ಮೇಲೆ ಒಂದೇ ಗಂಟು ಹಾಕಿ, ಒಂದೊಂದು ತುದಿಯನ್ನು ಒಂದೊಂದು ತೂತಿನಲ್ಲಿ ಕೆಳಗೆ ಇಳಿಬಿಟ್ಟಳು. ಪಾವಗಡದಿಂದ ಬರುವ ಕಾಯಿಗೆ ಒಂದು ಕಿಲೋ ಕಲ್ಲು. ಕೊರಟಗೆರೆಯಿಂದ ಬರುವುದಕ್ಕೆ ಇನ್ನೊಂದು ಕಿಲೋ. ಎರಡು ಕಿಲೋ ಕಾಯಿಯಲ್ಲಿ ಸಿಪ್ಪೆ, ನಾರು, ಬೀಜ ಹೋದರೆ ಉಳಿಯುವ ಹಣ್ಣು ಒಂದು ಕಿಲೋ ನೂರು ಗ್ರಾಂ. ಅದು ಶಿರಾದ ದಾರಕ್ಕೆ. ಮೂರು ತೂಕದ ಎಳೆತದಲ್ಲಿ ಗಂಟು ಎಲ್ಲಿ ನಿಲ್ಲುತ್ತದೋ ಅಲ್ಲೇ ಸಾಗಣೆ ಅತಿ ಅಗ್ಗ.

"ಬೀಜದ ಹಿಸಾಬು ಬಿಡಿ ಮೇಡಂ. ಅದನ್ನ ಕೊಳ್ಳೋರು ಬಾಗಿಲಿಗೇ ಬರ್ತಾರೆ," ಅಂದ ಇಸಾಕ್.

ಹಿಡಿದಿದ್ದ ಗಂಟನ್ನು ಲೋಹಿತಾ ಬಿಟ್ಟಳು. ಅದು ನಕ್ಷೆಯ ಮೇಲೆ ಅತ್ತಿತ್ತ ಎಳೆದಾಡಿ, ಮಧುಗಿರಿ ತಾಲೂಕಿನ ದೊಡ್ಡೇರಿ ಹೋಬಳಿಯಲ್ಲಿ, ಶಿರಾಕ್ಕೆ ಹೋಗುವ ರಸ್ತೆಯ ಹತ್ತಿರ ನಿಂತಿತು. ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು, ಮತ್ತೆ ಅಲ್ಲಿಗೇ ಬಂತು. ಇಸಾಕ್ ತಾನೇ ಮೂರು ಸಲ ತಳ್ಳಿ ನೋಡಿದ. ಮೂರು ಸಲವೂ ಅಲ್ಲೇ. ಜೀವಮಾನವಿಡೀ ತಕ್ಕಡಿಯನ್ನು ನಂಬಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾಗಿರಲಿಲ್ಲ.

"ಕೆಲಸಕ್ಕೆ ಜನ ಸಿಗ್ತಾರಾ ಮೇಡಂ ಅಲ್ಲಿ?"

"ಯಾಕೆ ಸಿಗಲ್ಲ? ಅಲ್ಲಿಂದ ನಾಲ್ಕು ಕಿಲೋಮೀಟರಿಗೆ ಗುಂಡುಗಲ್ಲಹಳ್ಳಿ, ನಮ್ಮ ದೊಡ್ಡಮ್ಮನ ಊರು. ನಿಮ್ಮ ಲಾರಿ ಅಲ್ಲಿಗೂ ಹೋಗುತ್ತಲ್ಲ. ಕಿಲೋಗೆ ಎಂಟು ರೂಪಾಯಿ ಕೂಲಿ, ನಿಮಗೇ ಗೊತ್ತು. ಎಲ್ಲ ಕಡೆಯೂ ಅಷ್ಟೇ ತಾನೆ?"

ಎಲ್ಲ ಕಡೆಯೂ ಅಷ್ಟೇ ಅಂತ ಇಸಾಕನೂ ತಲೆಯಾಡಿಸಿದ. ಮೂರನೇ ದೋಷ ಆ ಕೋಣೆಯ ಹೊರಗೆ ಬಾಗಿಲಲ್ಲಿ ನಿಂತಿದ್ದಿರಬಹುದು, ಒಳಗೆ ಕರೆದವರಿಲ್ಲ.

ಶೆಡ್ ಎದ್ದಿತು. ಮೇಲೆ ತಗಡು, ಕೆಳಗೆ ಸಿಮೆಂಟ್ ನೆಲ, ಫ್ಯಾನು, ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ. ಇಸಾಕ್ ಜಿಪುಣನೇನೂ ಅಲ್ಲ. ಫೆಬ್ರವರಿಯಲ್ಲಿ ಪಾವಗಡದಿಂದಲೂ ಕೊರಟಗೆರೆಯಿಂದಲೂ ಲಾರಿಗಳು ಬಂದು ಮೂಟೆ ಇಳಿಸಿದವು. ಡೀಸಲ್ ಖರ್ಚು ಮೊದಲ ವಾರಕ್ಕೇ ಇಳಿದಿತ್ತು, ಇದರಲ್ಲಿ ಜರ್ಮನಿಯ ಪಂಡಿತರು ಒಂದು ಗುಲಗಂಜಿಯಷ್ಟೂ ತಪ್ಪು ಹೇಳಿರಲಿಲ್ಲ. ಆದರೆ ಕುಟ್ಟಲು ಹಾಸಿದ ನಲವತ್ತು ಚಾಪೆಗಳ ಮೇಲೆ ಮೊದಲ ದಿನ ಕೂತವರು ಏಳು ಜನ. ಮಾರನೇ ದಿನ ನಾಲ್ಕು. ಮೂರನೇ ದಿನ ಕಾವಲುಗಾರನ ಹೆಂಡತಿ ಒಬ್ಬಳೇ, ಅವಳೂ ಫ್ಯಾನಿನ ಗಾಳಿಗೆ ಬಂದಿದ್ದಳು.

ಇಸಾಕ್ ಫೋನಿನಲ್ಲಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಲೋಹಿತಾ ತಿರುಗಿ ಕೂಗಿ ಫೋನಿಡಬಹುದಿತ್ತು.

"ಮೇಡಂ, ಯುಗಾದಿ ಹೊತ್ತಿಗೆ ಒಂದೆರಡು ಮಳೆ ಬಿದ್ದೇ ಬೀಳ್ತದೆ. ಥಂಡಿ ತಗುಲಿದ್ರೆ ಹಣ್ಣು ಕರ್ರಗಾಗ್ತದೆ. ಕಪ್ಪು ಹಣ್ಣನ್ನ ಯಾರು ಮೂಸ್ತಾರೆ? ನಿಮ್ಮ ದೊಡ್ಡಮ್ಮನ ಊರಿನೋರು ಬರ್ತಾರೆ ಅಂದಿದ್ರಿ. ನಾನು ನಿಮ್ಮ ಮಾತಿನ ಮೇಲೆ ಈ ಸಲ ಯಾವ ಊರಿಗೂ ಮೂಟೆ ಇಳಿಸಿಲ್ಲ."

ಭಾನುವಾರ ಒಂದು ದಿನ ಕಾಲು ಚಾಚಿ ಮಲಗುವ ಆಸೆ ಅವಳಿಗೆ ಸೋಮವಾರದಿಂದಲೇ ಶುರುವಾಗುತ್ತಿತ್ತು. ಆ ಭಾನುವಾರ ಅದೂ ಹೋಯಿತು. ಬೆಳಿಗ್ಗೆಯೇ ಮಧುಗಿರಿಯಿಂದ ಬಸ್ಸು ಹಿಡಿದು, ಇಳಿದು, ಬಿಸಿಲಲ್ಲಿ ನಡೆದು ಗುಂಡುಗಲ್ಲಹಳ್ಳಿ ಸೇರಿದಳು.

ದೊಡ್ಡಮ್ಮ ಚಿಕ್ಕಹನುಮಕ್ಕನ ಮನೆಯ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತಿದ್ದರು. ಊರಿನವರದೇ ಎರಡು ಮರದ ಹಣ್ಣು, ಎರಡೇ ಮೂಟೆ. ಇಬ್ಬರು ಕೊಡತಿಯಿಂದ ಕಾಯಿ ಕುಟ್ಟಿ ಸಿಪ್ಪೆ ಒಡೆಯುತ್ತಿದ್ದರು. ನಾಲ್ವರು ಬೀಜ ಬಿಡಿಸುತ್ತಿದ್ದರು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ ಒಂದೇ ಕೈಯಲ್ಲಿ ಬಿಡಿಸುತ್ತಿದ್ದಳು. ಒಬ್ಬಳು ಎದ್ದು ಎಮ್ಮೆಗೆ ನೀರು ತೋರಿಸಿ ಬಂದು ಮತ್ತೆ ಕೂತಳು. ಮಧ್ಯದಲ್ಲಿ ಕಂಬಕ್ಕೊರಗಿ ಚಿಕ್ಕಹನುಮಕ್ಕನ ಅತ್ತೆ ನರಸಮ್ಮಜ್ಜಿ. ಎಂಬತ್ತು ದಾಟಿದ ಜೀವ, ಎರಡು ಕಣ್ಣೂ ಹೋಗಿ ಹತ್ತು ವರ್ಷವಾಗಿತ್ತು. ಬಿಡಿಸಿದ ಹಣ್ಣನ್ನು ಎಲ್ಲರೂ ಅವಳ ಮುಂದೆ ಹಾಕುವರು, ಅವಳು ಬೆರಳಲ್ಲೇ ಹುಡುಕಿ ಉಳಿದ ನಾರನ್ನು ಒಂದೊಂದಾಗಿ ಎಳೆದು ತೆಗೆಯುವಳು. ಹುಣಸೆಯ ನಾರಿನ ವಿಷಯಕ್ಕೆ ಆ ಬೆರಳುಗಳು ಮೋಸ ಹೋಗುತ್ತಿರಲಿಲ್ಲ. ಬಾಯಿಗೂ ಬಿಡುವಿಲ್ಲ, ಊರಿನ ಮೂರು ತಲೆಮಾರಿನ ಮದುವೆ, ಮುನಿಸು, ಓಡಿಹೋದವರು, ಬಿಟ್ಟುಬಂದವರು ಎಲ್ಲ ಅಲ್ಲೇ ವಿಚಾರಣೆಯಾಗುತ್ತಿತ್ತು.

"ಲೋಯ್ತನ ಹೆಜ್ಜೆ ಅದು. ಕಾಲು ಎಳ್ಕಂಡು ಬತ್ತಾವ್ಳೆ ನೋಡು, ಉಂಡಿಲ್ಲ," ಅಂದಳು ಅಜ್ಜಿ, ಲೋಹಿತಾ ಚಪ್ಪಲಿ ಬಿಡುವ ಮೊದಲೇ. "ಯಾಕಮ್ಮ ಶಿರಾದ ಸಾಯೇಬ್ರ ಲಾರಿ ಈ ಸಲ ಇನ್ನೂ ಬಂದಿಲ್ಲ? ನಿಂಗೇನಾರಾ ಗೊತ್ತಾ?"

"ಕೇಳ್ತೀನಿ ಅಜ್ಜಿ," ಅಂದಳು ಲೋಹಿತಾ.

ಊಟ ಮುಗಿದ ಮೇಲೆ ದೊಡ್ಡಮ್ಮನನ್ನು ಹಿತ್ತಲಿಗೆ ಕರೆದು ಶೆಡ್ಡಿನ ವಿಷಯ, ಅಲ್ಲಿಗೆ ಯಾರೂ ಬಾರದ ವಿಷಯ ಹೇಳಿದಳು. ಫ್ಯಾನಿದೆ, ನೀರಿದೆ, ಬಿಸಿಲಿಲ್ಲ. ಹೋಗಿ ಬರಲು ಟೆಂಪೋ ಕಳಿಸುತ್ತಾರೆ. ಕಿಲೋಗೆ ಅದೇ ಎಂಟು ರೂಪಾಯಿ.

ಚಿಕ್ಕಹನುಮಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ಅಲ್ಲಿ ಯಾರ ಹೆಸರಿಗೆ ತೂಗ್ತಾರೆ?"

"ಅವರವರು ಬಿಡಿಸಿದ್ದು ಅವರವರ ಹೆಸರಿಗೆ."

"ಅದೇ ಕಣಮ್ಮ, ಅದಕ್ಕೇ ಯಾರೂ ಹೋಗ್ತಿಲ್ಲ. ನೀನು ನೋಡ್ದಲ್ಲ. ಇಲ್ಲಿ ಇರೋದು ಮುಯ್ಯಿ. ಇವತ್ತು ನನ್ನ ಮನೆ ಮೂಟೆ, ಎಲ್ಲಾ ಬಂದು ಕುಟ್ಟುತಾರೆ. ನಾಳೆ ಲಕ್ಷ್ಮೀದೇವಿ ಮನೇದು, ನಾವೆಲ್ಲಾ ಅಲ್ಲಿಗೆ ಹೋಗ್ತೀವಿ. ಮೂಟೆ ಯಾರ ಮನೇಲಿ ಇಳೀತೋ ಕೂಲಿ ಅವ್ರಿಗೆ, ಸುತ್ತು ಮುಗಿಯೋ ಹೊತ್ಗೆ ಎಲ್ರಿಗೂ ಸಮ. ಬಾಣಂತಿ ಒಂದು ಕೈಲಿ ಮಾಡುದ್ರೂ ಮುಯ್ಯೇ, ಅಜ್ಜಿ ನಾರು ತೆಗುದ್ರೂ ಮುಯ್ಯೇ. ಎಂಟ್ರೂಪಾಯಿ ಒಬ್ಬಳ ಕೂಲಿ ಅಂದ್ಕಂಡ್ಯಾ? ಅದ್ರಲ್ಲಿ ಆರು ಜನದ ಕೈ ಐತೆ. ಮನೇಲಿ ಒಲೆ ಮೇಲೆ ಸಾರು ಕುದೀತಿರ್ತದೆ, ಎಮ್ಮೆ ಕಣ್ಣೆದುರಿಗೆ ಇರ್ತದೆ, ಅದಕ್ಕೆ ಪೂರೈಸ್ತದೆ. ಶೆಡ್ನಾಗೆ ಒಬ್ಬಳೇ ದಿನವೆಲ್ಲಾ ಕುಟ್ಟುದ್ರೆ ಎಷ್ಟು ಆಯ್ತದೆ?"

ಲೋಹಿತಾ ಹುಣಸೆ ಮರದ ನೆರಳಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟಳು. ಎಂಟು ರೂಪಾಯಿ ಅಂತ ಹಾಕಿದ ಲೆಕ್ಕ ಈ ಅಂಗಳದ ಲೆಕ್ಕ. ಅಂಗಳ ಬಿಟ್ಟರೆ ಆ ಎಂಟು ರೂಪಾಯಿ ಎಲ್ಲೂ ಇಲ್ಲ. ಹೆಂಗಸರನ್ನು ಅಲ್ಲಿಂದ ಎತ್ತಿ ಇನ್ನೊಂದು ಕಡೆ ಕೂರಿಸಿದರೆ ಕೂಲಿಯೂ ಜೊತೆಗೆ ಬರುತ್ತದೆ ಅಂದುಕೊಂಡಿದ್ದಳು. ತಾನು ಆಡಿ ಬೆಳೆದ ಅಂಗಳ, ತಾನೇ ಚಿಕ್ಕವಳಿದ್ದಾಗ ಬೀಜ ಬಿಡಿಸಿದ ಅಂಗಳ. ಇಲ್ಲಿಯವಳಾಗಿದ್ದೂ ಇದನ್ನು ಮರೆತದ್ದು ಹೇಗೆ ಅಂತ ಅವಳಿಗೆ ನಾಚಿಕೆಯಾಯಿತು.

ಅಷ್ಟಕ್ಕೇ ಎದ್ದು ಬಂದಿದ್ದರೆ ಆಗುತ್ತಿತ್ತು. ಇಸಾಕನಿಗೆ ಫೋನು ಮಾಡಿ, ತಪ್ಪಾಯಿತು, ಮೂಟೆಗಳನ್ನು ಮೊದಲಿನ ಹಾಗೇ ಅಂಗಳಗಳಿಗೆ ಇಳಿಸಿ ಅಂದಿದ್ದರೆ ಆಗುತ್ತಿತ್ತು. ಆತ ಎರಡು ಮಾತು ಅನ್ನುತ್ತಿದ್ದ, ಇವಳು ಕೇಳಿಸಿಕೊಳ್ಳುತ್ತಿದ್ದಳು. ಆದರೆ ಆ ಎರಡು ಮಾತು ಕೇಳುವ ತ್ರಾಣ ಅವಳಲ್ಲಿ ಇರಲಿಲ್ಲ. ಶಿರಾದ ಕಾಲೇಜಿನಲ್ಲಿ ಗಂಟಿನ ಕತೆ ಎಲ್ಲರಿಗೂ ಗೊತ್ತಾಗಿತ್ತು, ಪ್ರಿನ್ಸಿಪಾಲರು ಸಭೆಯಲ್ಲಿ ಹೊಗಳಿದ್ದರು, ಜೂನಿನಲ್ಲಿ ಮತ್ತೆ ಅರ್ಜಿ ಹಾಕಬೇಕಿತ್ತು. ಹೇಗಾದರೂ ಒಂದು ಸಲ ಇದು ನಡೆದುಹೋಗಲಿ, ಮಲಗಿದರೆ ಸಾಕು ಅನ್ನಿಸಿತು.

"ದೊಡ್ಡಮ್ಮ, ಇದೊಂದು ಸುಗ್ಗಿ. ನಾನು ಮಾತು ಕೊಟ್ಟುಬಿಟ್ಟಿದ್ದೀನಿ," ಅಂದಳು.

ಚಿಕ್ಕಹನುಮಕ್ಕ ತುಂಬ ಹೊತ್ತು ಅವಳ ಮುಖ ನೋಡಿದಳು. ತಂಗಿಯ ಮಗಳು, ತಾಯಿ ಹೋದ ಮೇಲೆ ತಾನೇ ಮದುವೆ ಮಾಡಿದ ಹುಡುಗಿ. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ನೀನು ಮಾತು ಕೊಟ್ಟ ಮೇಲೆ ಇನ್ನೇನೈತೆ ಬುಡು. ಹೇಳ್ತೀನಿ ಎಲ್ರಿಗೂ," ಅಂದಳು. "ಅಜ್ಜಿನೂ ಕರ್ಕಂಡು ಬತ್ತೀವಿ. ಅವಳನ್ನ ಬುಟ್ಟು ಹೆಂಗೆ ಬರಾದು."

"ಕರ್ಕೊಂಡೇ ಬನ್ನಿ. ಟೆಂಪೋಲಿ ನಿಧಾನಕ್ಕೆ ಹತ್ತಿಸಿದರಾಯ್ತು," ಅಂದಳು ಲೋಹಿತಾ. ಆ ಮಾತು ಆಡುವಾಗ ಅವಳು ಅದನ್ನು ನಂಬಿದ್ದಳು.

ಮುಂದಿನ ವಾರದಿಂದ ಗುಂಡುಗಲ್ಲಹಳ್ಳಿಯ ಹೆಂಗಸರು ಶೆಡ್ಡಿಗೆ ಬರತೊಡಗಿದರು. ಅವರನ್ನು ನೋಡಿ ಪಕ್ಕದ ಎರಡು ಊರಿನವರೂ ಬಂದರು. ಇಸಾಕ್ ಫೋನು ಮಾಡಿ, "ಅಲ್ಲಾ ನಿಮ್ಮನ್ನ ಚೆನ್ನಾಗಿಡ್ಲಿ ಮೇಡಂ," ಅಂದ. ಲೋಹಿತಾ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದಳು. ಆಮೇಲೆ ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಪಾವಗಡದಲ್ಲಿ ನಾಲ್ಕು ದಿನದ ಕೊಠಡಿ ಕಾವಲು. ಪಾವಗಡದ ರಸ್ತೆಯಲ್ಲಿ ಬಲಸಮುದ್ರದ ಕಡೆಯ ಹೆಂಗಸೊಬ್ಬಳು ಬಸ್ಸಿನಲ್ಲಿ ಪಕ್ಕ ಕೂತು, "ಈ ಸಲ ಚಿಂತಪಂಡು ಭಾಳ ಬಂದೈತೆ ಮೇಡಂ, ಕೊಂಬೆ ಮುರೀತಾವೆ," ಅಂತ ಹುಣಸೆ ಬಿಟ್ಟಿರುವ ಬಗೆಯನ್ನು ಅರ್ಧ ತೆಲುಗಿನಲ್ಲಿ ವರ್ಣಿಸಿದಳು. ಲೋಹಿತಾ ಕಿಟಕಿಗೆ ತಲೆ ಕೊಟ್ಟು ಹೂಂಗುಟ್ಟಿದಳು. ಹೀಗೆ ಒಂದು ತಿಂಗಳು ಕಳೆದುಹೋಯಿತು.

ಮಾರ್ಚಿನ ಕೊನೆಯ ಶನಿವಾರ ಶಿರಾದಿಂದ ಬರುವಾಗ ದಾರಿಯಲ್ಲೇ ಇಳಿದು ಶೆಡ್ಡಿಗೆ ಹೋದಳು. ನಲವತ್ತು ಚಾಪೆಯೂ ತುಂಬಿತ್ತು. ಮೊದಲು ಅವಳಿಗೆ ಸಂತೋಷವೇ ಆಯಿತು. ಒಂದು ನಿಮಿಷ ನಿಂತ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ನಲವತ್ತು ಹೆಂಗಸರು ಕೂತ ಕಡೆ ಮಾತೇ ಇರಲಿಲ್ಲ. ಕೊಡತಿಯ ಸದ್ದು, ಫ್ಯಾನಿನ ಸದ್ದು, ಅಷ್ಟೇ. ಒಬ್ಬೊಬ್ಬಳೂ ತನ್ನ ರಾಶಿಯನ್ನು ತನ್ನ ಮೊಣಕಾಲ ಹತ್ತಿರ ಎಳೆದುಕೊಂಡು, ಪಕ್ಕದವಳ ಕಡೆ ಬೆನ್ನು ಹಾಕಿ ಕುಟ್ಟುತ್ತಿದ್ದಳು. ಲಕ್ಷ್ಮೀದೇವಿ ನೀರು ಕುಡಿಯಲು ಎದ್ದವಳು ತನ್ನ ಬುಟ್ಟಿಯ ಮೇಲೆ ಟವೆಲ್ಲು ಮುಚ್ಚಿ ಹೋದಳು. ಒಂದೇ ಅಂಗಳದಲ್ಲಿ ಮೂವತ್ತು ವರ್ಷ ಕೂತವರು. ಮಗುವಿನ ತಾಯಿ ಕಾಣಲಿಲ್ಲ. ಬಂದು ಎರಡು ದಿನಕ್ಕೇ ಬಿಟ್ಟಳಂತೆ, ಸಂಜೆ ಅವಳ ಬುಟ್ಟಿ ತೂಗಿದಾಗ ನಾಲ್ಕು ಜನ ನೋಡಿದ್ದು ಅವಳಿಗೆ ಸೇರಲಿಲ್ಲವಂತೆ.

ಇಸಾಕ್ ಕುರ್ಚಿ ಹಾಕಿ ಚಹಾ ತರಿಸಿದ. "ನಿಮ್ಮ ಗಂಟು ಸುಳ್ಳು ಹೇಳ್ಲಿಲ್ಲ ಮೇಡಂ. ಡೀಸಲ್ ಉಳೀತು, ಟೈಮ್ ಉಳೀತು. ಆದ್ರೆ ಮನೇಲಿ ಬಿಡಿಸ್ತಿದ್ದ ಅರ್ಧದಷ್ಟೂ ಒಬ್ಬೊಬ್ಬರ ಕೈಲಿ ಆಗ್ತಿಲ್ಲ. ಎಂಟು ರೂಪಾಯಿಗೆ ಅವರಿಗೂ ಗಿಟ್ಟಲ್ಲ, ಮೊನ್ನೆಯಿಂದ ಹದಿನಾಲ್ಕು ಮಾಡಿದ್ದೀನಿ. ಉಳಿದದ್ದೆಲ್ಲಾ ಇಲ್ಲಿ ಹೋಯ್ತು."

"ಹಾಗಾದರೆ ಮುಂದಿನ ವರ್ಷ ಮತ್ತೆ ಮನೆಮನೆಗೆ ಇಳಿಸ್ತೀರಾ?" ಅವಳ ದನಿಯಲ್ಲಿ ಆಸೆಯಿತ್ತು.

"ಶೆಡ್ ಕಟ್ಟಿ ಆಯ್ತಲ್ಲ ಮೇಡಂ, ಅದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ಲಿ? ಬೀಜ ಬಿಡಿಸೋ ಮಷೀನ್ ಬಂದೈತೆ. ಉಮರ್ ಹೋಗಿ ನೋಡ್ಕೊಂಡು ಬಂದವ್ನೆ." ಉಮರ್ ಅವನ ಅಣ್ಣನ ಮಗ, ಶೆಡ್ಡಿನ ಉಸ್ತುವಾರಿ. ಇಸಾಕನ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ತಪ್ಪು ಹಿಡಿಯಲು ಲೋಹಿತಾಗೆ ಅಲ್ಲಿ ಬೇರೆ ಯಾರೂ ಸಿಗಲಿಲ್ಲ.

ಚಹಾ ಹಾಗೇ ಬಿಟ್ಟು ದೊಡ್ಡಮ್ಮನ ಪಕ್ಕ ಹೋಗಿ ಕೂತಳು. ಬೀಜ ಬಿಡಿಸುವುದಕ್ಕೆ ಕೈಹಾಕಿದಳು, ಬೆರಳುಗಳಿಗೆ ಹಳೆಯ ರೂಢಿ ಇನ್ನೂ ಇತ್ತು.

"ಅಜ್ಜಿ ಎಲ್ಲಿ ದೊಡ್ಡಮ್ಮ?"

"ಮನೇಲಿ."

"ಕರ್ಕೊಂಡು ಬರ್ತೀವಿ ಅಂದಿದ್ದೆಯಲ್ಲ."

"ಹೆಸ್ರು ಬರ್ಕಳಕ್ಕೆ ಉಮರ್ ಬಂದು ಊರ ಮುಂದೆ ನಿಂತಿದ್ದ. ಅಜ್ಜಿ ಹೆಸ್ರೂ ಹೇಳುದ್ವಿ, ಅವ್ರು ಏನು ಮಾಡ್ತಾರೆ ಅಂತ ಕೇಳ್ದ. ನಾರು ತೆಗೀತಾಳೆ ಅಂದ್ವಿ. ನಾರು ಬುಟ್ಟಿಗೆ ಹಾಕಿ ತೂಗೋ ಸಾಮಾನಲ್ಲ, ಅವರ ಹೆಸರಿಗೆ ಏನಂತ ಬರೀಲಿ ಅಂದ. ಒಳ್ಳೆ ಹುಡುಗನೇ, ನೊಂದ್ಕಂಡು ಹೇಳ್ದ." ಚಿಕ್ಕಹನುಮಕ್ಕ ಕೊಡತಿ ಎತ್ತಿದಳು. "ಕೆಲ್ಸ ಮಾಡಮ್ಮ, ಹೊತ್ತಾಯ್ತದೆ."

ಐದೂವರೆಗೆ ಟೆಂಪೋ ಹೊರಟಿತು. ಲೋಹಿತಾ ಅವರ ಜೊತೆಯೇ ಹತ್ತಿದಳು. ಊರು ಇನ್ನೂ ಅರ್ಧ ಕಿಲೋಮೀಟರ್ ಇರುವಾಗ, ಹೊಲದ ಬದಿಯ ನೀರಿನ ತೊಂಬೆಯ ಹತ್ತಿರ ಡ್ರೈವರ್ ಯಾರೂ ಹೇಳದೆಯೇ ಗಾಡಿ ನಿಲ್ಲಿಸಿದ. ಎಲ್ಲರೂ ಇಳಿದರು. ತೊಂಬೆಯ ಕೆಳಗಿನ ಸಂದಿಯಿಂದ ಲಕ್ಷ್ಮೀದೇವಿ ಒಂದು ಸೋಪಿನ ಚೂರು, ಬೂದಿಯ ಡಬ್ಬಿ ತೆಗೆದಳು. ಹನ್ನೊಂದು ಹೆಂಗಸರೂ ನಲ್ಲಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ಬೂದಿ ಹಾಕಿ, ಉಗುರಿನ ಸಂದಿ ಬಿಡದೆ ಕೈ ತಿಕ್ಕತೊಡಗಿದರು. ಮೊಣಕೈವರೆಗೆ ತಿಕ್ಕಿದರು. ಸೆರಗು ಕೊಡವಿದರು. ಒಬ್ಬಳು ಇನ್ನೊಬ್ಬಳ ಕೈ ಹಿಡಿದು ಮೂಸಿ ನೋಡಿ, ಇನ್ನೂ ಐತೆ, ತೊಳಿ ಅಂದಳು. ಶೆಡ್ಡಿಗೆ ಬಂದಾಗಿನಿಂದ ಅವರು ಒಬ್ಬರ ಜೊತೆ ಒಬ್ಬರು ಮಾತಾಡಿದ್ದು ಲೋಹಿತಾ ಕೇಳಿದ್ದು ಅಷ್ಟೇ.

"ಇದೇನು ದೊಡ್ಡಮ್ಮ?"

ಚಿಕ್ಕಹನುಮಕ್ಕ ತಲೆ ಎತ್ತಲಿಲ್ಲ. "ಅಜ್ಜಿಗೆ ವಾಸ್ನೆ ಬಡೀತದೆ. ಈ ವರ್ಸ ನಮ್ಮೆರಡು ಮರ ಬುಟ್ರೆ ಎಲ್ಲೂ ಹುಣಸೆ ಹಿಡೀಲಿಲ್ಲ, ಅದಕ್ಕೇ ಸಾಯೇಬ್ರ ಲಾರಿ ಬರ್ಲಿಲ್ಲ ಅಂತ ಹೇಳಿದ್ದೀವಿ. ನಾವೆಲ್ಲಾ ಖಾತ್ರಿ ಕೆಲ್ಸಕ್ಕೆ, ಕೆರೆ ಹೂಳು ಎತ್ತಕ್ಕೆ ಹೋಗ್ತೀವಿ ಅಂತ. ಇನ್ನೇನು ಹೇಳಾದು? ನಿನ್ನ ಕೈ ಯಾರಿಗೂ ಬ್ಯಾಡವಂತೆ ಅಂತ ಹೇಳಾದಾ?" ಸೋಪಿನ ಚೂರನ್ನು ಅವಳ ಕಡೆ ಚಾಚಿದಳು. "ನೀನೂ ಬೀಜ ಬಿಡಿಸಿದ್ದೀಯ. ತೊಳ್ಕೋ."

ಲೋಹಿತಾ ಕೂತು ತೊಳೆದಳು. ಬೂದಿಯ ನೀರು ಕೈಯಿಂದ ಕಂದು ಬಣ್ಣವಾಗಿ ಇಳಿಯಿತು. ಅವಳಿಗೆ ಅಳು ಬಂತು, ಅಳಲು ಕೂಡ ಸುಸ್ತಾಗಿತ್ತು.

ಅಂಗಳ ಗುಡಿಸಿ ಸಾರಿಸಿದ ಹಾಗೆ ಇತ್ತು. ಒಂದು ಸಿಪ್ಪೆಯ ಚೂರಿಲ್ಲ, ಒಂದು ಬೀಜವಿಲ್ಲ. ಕಂಬಕ್ಕೊರಗಿ ನರಸಮ್ಮಜ್ಜಿ ಕೂತಿದ್ದಳು. ತಿಂಗಳಲ್ಲಿ ಅರ್ಧ ಆಳಾಗಿದ್ದಳು. ಮಡಿಲಲ್ಲಿ ಎರಡು ಕೈ ಸುಮ್ಮನೆ ಇದ್ದವು. ಆ ಕೈಗಳು ಸುಮ್ಮನಿದ್ದದ್ದನ್ನು ಲೋಹಿತಾ ಹಿಂದೆ ನೋಡಿರಲಿಲ್ಲ.

"ಲೋಯ್ತನಾ? ಬಾ ಇಲ್ಲಿ. ಕೂತ್ಕೋ."

ಕೂತಳು. ಅಜ್ಜಿ ಅವಳ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡಳು. ಹೆಂಗಸರೆಲ್ಲ ಅಂಗಳದ ಅಂಚಿನಲ್ಲಿ ನಿಂತರು, ಯಾರೂ ತಮ್ಮ ಮನೆಗೆ ಹೋಗಲಿಲ್ಲ.

"ಇವ್ರ ಮಾತು ನಂಗೆ ಯಾಕೋ ನಂಬ್ಕೆ ಬತ್ತಿಲ್ಲ ಕಣಮ್ಮ. ನೀನು ಓದ್ದೋಳು, ಬಸ್ನಾಗೆ ನಾಕು ತಾಲೂಕು ತಿರುಗೋಳು. ನೀನು ಹೇಳುದ್ರೆ ನಂಬ್ತೀನಿ. ಪಾವಗಡದ ಕಡೆ ಹುಣಸೆ ಹಿಡಿದೈತಾ?"

ಲೋಹಿತಾ ದೊಡ್ಡಮ್ಮನ ಕಡೆ ನೋಡಿದಳು. ಚಿಕ್ಕಹನುಮಕ್ಕ ನೆಲ ನೋಡುತ್ತಿದ್ದಳು. ನಿಜ ಹೇಳಿಬಿಡೋಣ ಅಂತ ಒಂದು ಕ್ಷಣ ಬಾಯಿಯವರೆಗೆ ಬಂತು. ಹಿಡಿದಿದೆ ಅಜ್ಜಿ, ಕೊಂಬೆ ಮುರಿಯುವ ಹಾಗೆ ಹಿಡಿದಿದೆ. ಅದನ್ನು ನಿನ್ನ ಅಂಗಳ ತಪ್ಪಿಸಿ ಬೇರೆ ಕಡೆ ಇಳಿಸಿದವಳು ನಾನೇ.

"ಇಲ್ಲ ಅಜ್ಜಿ," ಅಂದಳು.

"ಕೊರಟಗೆರೆ ಕಡೆ? ಅಲ್ಲಿ ಮರ ಯಾವತ್ತೂ ಕೈಕೊಟ್ಟಿದ್ದಿಲ್ಲ."

"ಅಲ್ಲೂ ಇಲ್ಲ."

"ಶಿರಾ ಕಡೆ? ಕಳ್ಳಂಬೆಳ್ಳದ ಕೆರೆ ಕೆಳಗೆ ಸಾಲಾಗಿ ಅವೆ ನೋಡು."

"ಎಲ್ಲೂ ಇಲ್ಲ ಅಜ್ಜಿ. ಈ ವರ್ಷ ನಾಲ್ಕು ತಾಲೂಕಲ್ಲೂ ಇಲ್ಲ."

ಅಜ್ಜಿ ದೊಡ್ಡದಾಗಿ ಉಸಿರು ಬಿಟ್ಟಳು, ಮುಖದ ಗಂಟೆಲ್ಲ ಸಡಿಲವಾಯಿತು.

"ಅಂಗಾದ್ರೆ ಸರಿ ಬುಡು," ಅಂದಳು. "ನನ್ನೊಬ್ಬಳನ್ನ ಬುಟ್ಟು ಇವ್ರೆಲ್ಲಾ ಎಲ್ಲಾನಾ ಕುಟ್ಟಕ್ಕೆ ಹೋಗ್ತಾವ್ರೇನೋ ಅಂತಿದ್ದೆ. ತಿಂಗ್ಳಿಂದ ಅನ್ನ ಸೇರ್ತಿರ್ಲಿಲ್ಲ ಕಣೇ. ಮರ ಹಿಡೀದಿದ್ರೆ ಯಾರೇನು ಮಾಡಾರು. ಬರೋ ವರ್ಸ ಹಿಡೀತದೆ." ಒಳಗಿನ ಕಡೆ ಮುಖ ತಿರುಗಿಸಿದಳು. "ಹನುಮಕ್ಕಾ, ಹೊಟ್ಟೆ ಹಸೀತೈತೆ. ಮುದ್ದೆ ಇಕ್ಕು."

ಚಿಕ್ಕಹನುಮಕ್ಕ ಒಳಗೆ ಹೋಗಿ ಬಿಸಿ ಮುದ್ದೆ ತಿರುವಿ ತಂದಿಟ್ಟಳು. ಅಜ್ಜಿ ಪೂರ್ತಿ ಮುದ್ದೆ ಉಂಡು, ಇನ್ನರ್ಧ ಹಾಕಿಸಿಕೊಂಡಳು. ಉಣ್ಣುತ್ತಲೇ ಲೋಹಿತಾಗೂ ಇಕ್ಕು ಅಂದಳು. ಲೋಹಿತಾ ತಟ್ಟೆ ಮುಂದಿಟ್ಟುಕೊಂಡು ಕೂತಳು, ಅವಳಿಗೆ ಒಂದು ತುತ್ತೂ ಇಳಿಯಲಿಲ್ಲ.